ಕೂಡಿ ಕಲಿತವರು

ಜೋಳ ಕಡಲೆಗಳ ರಾಶಿ ಮುಗಿದು, ಎರೆಭೂಮಿ ಬಿಸಿಲಿಗೆ ಬಿರಿದು, ಒಕ್ಕಲಿಗನಿಗೆ ಹೊಲದ ಕೆಲಸ ತುಸು ಹಗುರಾಗುವ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ದೊಡವಾಡದಿಂದ ಬೈಲಹೊಂಗಲದ ಹಾದಿ ಹಿಡಿದವನಿಗೆ, ಜಾತ್ರೆ, ಸಾಮೂಹಿಕ ವಿವಾಹ, ಪುರಾಣ ಪ್ರವಚನಗಳ ಫಲಕಗಳ ನಡುವೆ ಈಚಿನ ವರ್ಷಗಳಲ್ಲಿ ಮತ್ತೊಂದು ಬಗೆಯ ಫಲಕವೂ ಕಣ್ಣಿಗೆ ಬೀಳುತ್ತಿರುವದು: ಇಂತಿಂಥ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಂದ ಗುರುವಂದನೆ ಹಾಗೂ ಸ್ನೇಹ ಸಮ್ಮೇಳನ. ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಗೆ ತಿರುಗಿದರೂ ಇದೇ ನೋಟ. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಒಂದೇ ಕೋಣೆಯಲ್ಲಿ ಕುಳಿತು ಎದ್ದವರು ಪುಣೆಯಿಂದ, ಬೆಂಗಳೂರಿನಿಂದ, ಗಂಡನ ಮನೆಯಿಂದ, ಗಡಿಯ ಸೇನಾಠಾಣೆಯಿಂದ ಬಂದು ಒಂದು ದಿನ ಕೂಡುತ್ತಾರೆ. ವೇದಿಕೆಯ ಭಾಷಣಕಾರರು ಇದನ್ನು ಸನಾತನವಾದ ಗುರುಶಿಷ್ಯ ಪರಂಪರೆಯ ಮುಂದುವರಿಕೆಯೆಂದು ಕೊಂಡಾಡುತ್ತಾರೆ. ಗುರುಭಕ್ತಿ ಸನಾತನವಾದದ್ದೇ ಅಹುದು. ಆದರೆ ನಾಲ್ವತ್ತು ಐವತ್ತು ಜನ ಕೂಡಿ ಒಂದೇ ದಿನ ಶಾಲೆಯನ್ನು ಬಿಡುವದು, ಹಾಗೆ ಬಿಟ್ಟವರು ತಾವೆಲ್ಲ ಒಂದು ಕುಲದವರೆಂದು ಜೀವಮಾನವಿಡೀ ಭಾವಿಸುವದು, ಈ ಸೀಮೆಯಲ್ಲಿ ನೂರೈವತ್ತು ವರ್ಷಗಳಿಗಿಂತ ಹಳೆಯ ಸಂಗತಿಯಲ್ಲ. ಅದನ್ನು ಹುಟ್ಟಿಸಿದ ಕೀರ್ತಿ ಗುರುವಿಗಿಂತ ಹೆಚ್ಚಾಗಿ ಪರೀಕ್ಷೆಗೆ ಸಲ್ಲತಕ್ಕದ್ದು.

ಪ್ರಾಚೀನರಲ್ಲಿಯೂ ವಿದ್ಯಾಭ್ಯಾಸದ ಕೊನೆಗೊಂದು ಸಂಸ್ಕಾರವಿದ್ದಿತು. ಅದಕ್ಕೆ ಸಮಾವರ್ತನವೆಂದು ಹೆಸರು. ಬ್ರಹ್ಮಚಾರಿಯು ಸ್ನಾನ ಮಾಡಿ, ಗುರುದಕ್ಷಿಣೆಯನ್ನೊಪ್ಪಿಸಿ, ಉಪದೇಶ ಪಡೆದು ಮನೆಗೆ ಮರಳುತ್ತಿದ್ದನು. ಆದರೆ ಅದು ಒಬ್ಬ ಶಿಷ್ಯನಿಗೂ ಒಬ್ಬ ಗುರುವಿಗೂ ನಡುವೆ ನಡೆಯುವ ಕರ್ಮವೇ ಹೊರತು ಸಹಪಾಠಿಗಳ ಮೇಳವಲ್ಲ. ನಮ್ಮ ಹಳ್ಳಿಗಳ ಐಗಳ ಶಾಲೆಗಳಲ್ಲಂತೂ ಇಂಥ ಸಂಸ್ಕಾರಕ್ಕೂ ಅವಕಾಶವಿರಲಿಲ್ಲ. ಗುಡಿಯ ಪೌಳಿಯಲ್ಲಿಯೋ ಮಠದ ಪಡಸಾಲೆಯಲ್ಲಿಯೋ ಮರಳು ಹರವಿ, ಅದರ ಮೇಲೆ ಬೆರಳಿನಿಂದ ಓನಾಮ ತಿದ್ದಿಸಿ, ಮುಂದೆ ಕಡತದ ಮೇಲೆ ಬಳಪದಿಂದ ಬರೆಯಿಸಿ, ಮಗ್ಗಿ, ಲೆಕ್ಕ, ಪತ್ರದ ಒಕ್ಕಣೆಗಳನ್ನು ಬಾಯಿಪಾಠ ಮಾಡಿಸುವದರೊಳಗೆ ಐಗಳ ಕೆಲಸ ಮುಗಿಯುತ್ತಿದ್ದಿತು. ಒಬ್ಬ ಹುಡುಗ ತನ್ನಪ್ಪನ ಅಂಗಡಿಯ ಲೆಕ್ಕ ಬರೆಯುವಷ್ಟಾದಾಗ ಬಿಡುತ್ತಿದ್ದನು. ಇನ್ನೊಬ್ಬನು ಬಿತ್ತಿಗೆಗೆ ಕೈ ಸಾಲದಾದಾಗ ಬಿಡುತ್ತಿದ್ದನು. ಮತ್ತೊಬ್ಬನು ಐಗಳ ಕೋದಂಡದ ಶಿಕ್ಷೆಗೆ ಅಂಜಿ ಒಂದು ಬೆಳಿಗ್ಗೆ ಬರದೆ ಉಳಿಯುತ್ತಿದ್ದನು. ಬರುವದಕ್ಕೆ ಮುಹೂರ್ತವಿದ್ದಿತು, ಹೋಗುವದಕ್ಕೆ ಇರಲಿಲ್ಲ.

ಆ ಶಾಲೆಗಳ ನಡೆನುಡಿಯನ್ನು ಕಣ್ಣಿಗೆ ಕಟ್ಟುವಂತೆ ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್. ಅವನು 1823ರಲ್ಲಿ ಮದ್ರಾಸಿನ ಸರಕಾರಕ್ಕೆ ಕಳಿಸಿದ ವರದಿಯಲ್ಲಿ, ಮುಂಜಾವಿನಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರನ್ನೂ, ಎರಡನೆಯವನ ಅಂಗೈ ಮೇಲೆ ಒಂದು ಸೊನ್ನೆಯನ್ನೂ ಬರೆಯುತ್ತಿದ್ದರೆಂದೂ, ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆ ಒಂದೊಂದು ಏಟು ಏರುತ್ತ ಹೋಗುತ್ತಿದ್ದಿತೆಂದೂ ಹೇಳಿದ್ದಾನೆ. ಅವನ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 6,641 ಮಕ್ಕಳು ಕಲಿಯುತ್ತಿದ್ದರು. ಅವರೊಳಗೆ ಹಿಂದೂ ಹುಡುಗಿಯರು ಬರೀ 60. ಬಳ್ಳಾರಿಯ ಮಾತು ನಮ್ಮ ಮಲಪ್ರಭೆಯ ದಂಡೆಗೂ ಅಕ್ಷರಶಃ ಸಲ್ಲುತ್ತದೆಂದು ಪಂತಕಟ್ಟುವದು ಬೇಡ. ಆದರೆ ಮರಳು, ಬಳಪ, ಕೋದಂಡಗಳ ನೆನಪು ನಮ್ಮ ಅಜ್ಜಂದಿರ ಬಾಯಲ್ಲಿ ಉಳಿದಿದ್ದುದನ್ನು ಕೇಳಿದವರಿಗೆ ಎರಡೂ ಒಂದೇ ಮನೆಯ ಪಾತ್ರೆಗಳೆಂಬುದು ತಿಳಿಯದೆ ಇರದು. ಹಿರಿಯ ಹುಡುಗನು ಕಿರಿಯನಿಗೆ ತಿದ್ದಿಸುವ ಆ ಪದ್ಧತಿಯಲ್ಲಿ ಮಕ್ಕಳು ಕಲಿಕೆಗೆ ತಕ್ಕಂತೆ ಬೇರೆ ಬೇರೆ ಗುಂಪಾಗಿ ಕೂಡ್ರುತ್ತಿದ್ದರೇ ಹೊರತು, ಇಂಥ ವರ್ಷ ಸೇರಿದವರು ಇಂಥ ವರ್ಷ ಮುಗಿಸತಕ್ಕವರು ಎಂಬ ಕಟ್ಟು ಇರಲಿಲ್ಲ. ಹೀಗಾಗಿ ಹಿಂದಿರುಗಿ ನೋಡುವದಕ್ಕೆ ಒಂದು ಗೆರೆಯೂ ಇರಲಿಲ್ಲ.

ಆ ಗೆರೆಯನ್ನು ಎಳೆದ ಬ್ರಿಟಿಷ್ ಸರಕಾರವು ಈ ಸೀಮೆಗೆ ಕಾಲಿಟ್ಟದ್ದು ರಕ್ತದ ನಡುವೆ. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆ ಸತ್ತದ್ದು, ರಾಣಿ ಚೆನ್ನಮ್ಮನು ಸೆರೆಯಾಗಿ ಬೈಲಹೊಂಗಲದಲ್ಲಿ 1829ರಲ್ಲಿ ತೀರಿಕೊಂಡದ್ದು, ಸಂಗೊಳ್ಳಿಯ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಈ ಭಾಗದ ಯಾವ ಬಾಲಕನಿಗೂ ಹೇಳಿಕೊಡಬೇಕಾದ ಕಥೆಯಲ್ಲ. ಆದರೆ ಆ ಕಥೆಗೆ ಅಂಟಿಕೊಂಡ ಒಂದು ಚಿಕ್ಕ ಸಂಗತಿ ಶಾಲೆಯ ಚರಿತ್ರೆಗೆ ಬೇಕಾದದ್ದು. ಕಿತ್ತೂರಿನವರು ಅಂದು ಒತ್ತೆಯಾಳಾಗಿ ಹಿಡಿದಿಟ್ಟುಕೊಂಡ ಇಬ್ಬರು ತರುಣ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್‌ನು ಒಬ್ಬನು. ಬಿಡುಗಡೆಯಾದ ಮೇಲೆ ಅವನು ಇದೇ ನಾಡಿನಲ್ಲಿ ಉಳಿದು, ಶಾಸನಗಳನ್ನು ಸಂಗ್ರಹಿಸಿದನು. ಅಲ್ಲದೆ, ಸರಕಾರವು ಕನ್ನಡ ಮಕ್ಕಳಿಗೆ ಮರಾಠೀ ಶಾಲೆಗಳನ್ನು ತೆರೆಯುತ್ತಿದ್ದ ಕಾಲದಲ್ಲಿ ತನ್ನ ಕೈಯಿಂದ ಹಣ ಹಾಕಿ ಧಾರವಾಡದಲ್ಲಿ ಒಂದು ಕನ್ನಡ ಶಾಲೆಯನ್ನು ನಡೆಯಿಸಿದನು. ಕಿತ್ತೂರಿನ ಸೆರೆಯಲ್ಲಿ ಅವನ ಕಿವಿಗೆ ಬಿದ್ದ ಭಾಷೆ ಯಾವುದೆಂಬುದನ್ನು ಊಹಿಸುವದಕ್ಕೆ ಪಾಂಡಿತ್ಯ ಬೇಕಾಗಿಲ್ಲ.

ಬ್ರಿಟಿಷ್ ಸರಕಾರವೆಂದೆನಾದರೂ ನೆಲವೆಲ್ಲ ಒಂದೇ ಆಳಿಕೆಯದಾಗಿರಲಿಲ್ಲ. ಬೈಲಹೊಂಗಲದ ಸುತ್ತಿನ ಹಳ್ಳಿಗಳು ಸಂಪಗಾವಿ ತಾಲ್ಲೂಕಿಗೆ, ಸವದತ್ತಿಯ ಸುತ್ತಿನವು ಪರಸಗಡ ತಾಲ್ಲೂಕಿಗೆ ಸೇರಿ ಬ್ರಿಟಿಷ್ ಮುಲುಕಿನಲ್ಲಿದ್ದವು. ರಾಮದುರ್ಗವು ಭಾವೆ ಮನೆತನದ ಸಂಸ್ಥಾನ. ದೊಡವಾಡವೋ ದೂರದ ಕೃಷ್ಣಾ ದಂಡೆಯ ಸಾಂಗಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ, ಸುತ್ತಲೂ ಬೇರೆಯವರ ಗಡಿಯಿದ್ದ ಊರು. ಮನೆಯೊಳಗೆ ಕನ್ನಡ, ಕಚೇರಿಯೊಳಗೆ ಮರಾಠಿ, ದಪ್ತರದೊಳಗೆ ಮೋಡಿ ಲಿಪಿ: ಸಂಸ್ಥಾನದ ಕನ್ನಡ ಹಳ್ಳಿಗಳ ಪಾಡು ಇದು. ಪಕ್ಕದ ಬೆಳವಡಿಯ ಹುಡುಗನೂ ದೊಡವಾಡದ ಹುಡುಗನೂ ಒಂದೇ ಹಳ್ಳದಲ್ಲಿ ಈಜಾಡಿದರೂ ಬೇರೆ ಬೇರೆ ದೊರೆಗಳ ಪ್ರಜೆಗಳಾಗಿ ಬೆಳೆದರು.

ಬ್ರಿಟಿಷ್ ಮುಲುಕಿನಲ್ಲಿ 1863ರ ಸುಮಾರಿಗೆ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆಯ ಉಪಕರ ಬಂದು, ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆಂದು ತೆಗೆದಿಡಲ್ಪಟ್ಟಿತು. ಹಳ್ಳಿಯ ಒಕ್ಕಲಿಗನು ತನ್ನ ಮಗನನ್ನು ಕಳಿಸಲಿ ಬಿಡಲಿ, ಅಂದಿನಿಂದ ಶಾಲೆಯ ವೆಚ್ಚವನ್ನು ತೆತ್ತನು. ಆ ಶಾಲೆಗಳಿಗೆ ಕನ್ನಡದ ಜೀವ ತುಂಬಿದವರಲ್ಲಿ ಮೊದಲು ಎಣಿಸಬೇಕಾದ ಹೆಸರು ಡೆಪ್ಯುಟಿ ಚನ್ನಬಸಪ್ಪನವರದು. 1834ರಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಈ ಮಹನೀಯರು, ಮೇಲಧಿಕಾರಿಯಾಗಿದ್ದ ರಸೆಲ್ಲರ ಬೆಂಬಲದಿಂದ, ಹಳ್ಳಿ ಹಳ್ಳಿಗೆ ತಿರುಗಿ ಮರಾಠೀ ಶಾಲೆಗಳನ್ನು ಕನ್ನಡಕ್ಕೆ ಹೊರಳಿಸಿ, ಪಠ್ಯಪುಸ್ತಕಗಳನ್ನು ಬರೆಯಿಸಿ, ಶಿಕ್ಷಕರನ್ನು ತಯಾರು ಮಾಡಿದರು. ಶಿಕ್ಷಕರಿಗಾಗಿ ಹೊರಟ ಪತ್ರಿಕೆಗೆ ಮೊದಲು ಇಟ್ಟ ಹೆಸರು ‘ಮಠಪತ್ರಿಕೆ’. ಶಾಲೆಯನ್ನು ಜನ ಇನ್ನೂ ಮಠವೆನ್ನುತ್ತಿದ್ದರು. ಆ ಪದ ಬಿದ್ದುಹೋಗಿ ‘ಸಾಲಿ’ ನಿಂತದ್ದು, ‘ಐಗಳು’ ಹೋಗಿ ‘ಮಾಸ್ತರ’ ಬಂದದ್ದು, ಮರಾಠಿಯಿಂದ ‘ಇಯತ್ತೆ’ ಇಳಿದದ್ದು, ಇವೆಲ್ಲ ಒಂದು ತಲೆಮಾರಿನ ಮಾತು.

ಈ ಇಯತ್ತೆಯೆಂಬುದೇ ನಮ್ಮ ಕಥೆಯ ತಿರುಳು. ವರ್ಷಕ್ಕೊಂದು ಮೆಟ್ಟಿಲು, ಮೆಟ್ಟಿಲಿಗೊಂದು ಪುಸ್ತಕ, ಪುಸ್ತಕದ ಕೊನೆಗೊಂದು ಪರೀಕ್ಷೆ, ಪರೀಕ್ಷೆಯ ಮೇಲ್ವಿಚಾರಣೆಗೆ ತಾಲ್ಲೂಕಿನಿಂದ ಬರುವ ಸಾಹೇಬ: ಇಷ್ಟಾದಾಗ ಮಕ್ಕಳು ಮೊದಲ ಸಲ ಸಾಲಾಗಿ ನಡೆಯಹತ್ತಿದರು. ಸಾಲಿನ ತುದಿಯಲ್ಲಿ ನಿಂತದ್ದು ಮುಲ್ಕಿ ಪರೀಕ್ಷೆ. ಏಳನೆಯ ಇಯತ್ತೆಯ ಕೊನೆಗೆ ನಡೆಯುತ್ತಿದ್ದ ಈ ಪರೀಕ್ಷೆಗೆ ಸರಕಾರೀ ಕಾಗದಗಳಲ್ಲಿ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಇಂಗ್ಲಿಷ್ ಹೆಸರುಗಳಿದ್ದವು. ಜನರಿಗೆ ಕೊನೆಯವರೆಗೂ ಅದು ಮುಲ್ಕಿಯೇ. ಮುಲ್ಕಿ ಪಾಸಾದವನು ತಲಾಠಿಯಾಗಬಹುದಾಗಿತ್ತು, ಪೋಸ್ಟಿನಲ್ಲಿ ಸೇರಬಹುದಾಗಿತ್ತು. ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ಬಂದರಂತೂ ಊರೂರಿಗೆ ವರ್ಗವಾಗುವ ಮಾಸ್ತರನಾಗಬಹುದಾಗಿತ್ತು. ಮುಲ್ಕಿ ಪಾಸಾದವನಿಗೆ ಹೆಣ್ಣು ಕೊಡಲು ಜನ ಮುಂದೆ ಬರುತ್ತಿದ್ದರೆಂದರೆ ಅದರ ಬೆಲೆ ತಿಳಿದೀತು.

ಪರೀಕ್ಷೆಯ ಕೇಂದ್ರ ಊರಲ್ಲಿರುತ್ತಿರಲಿಲ್ಲ. ಆದ ಕಾರಣ ಮಾಸ್ತರರು ಏಳನೆಯ ಇಯತ್ತೆಯ ಹುಡುಗರನ್ನು ಚಕ್ಕಡಿಯಲ್ಲಿ ಕೂಡ್ರಿಸಿಕೊಂಡು ಹೊರಡುತ್ತಿದ್ದರು. ಚಕ್ಕಡಿಯೊಳಗೆ ಹೊಟ್ಟಿನ ಮೇಲೆ ಜಮಖಾನೆ, ಅದರ ಮೇಲೆ ಆರೇಳು ಹುಡುಗರು, ಒಬ್ಬೊಬ್ಬರ ಮಗ್ಗುಲಿಗೂ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಗಂಟು, ಮಸಿ ಚೆಲ್ಲದಂತೆ ಅರಿವೆ ತುರುಕಿದ ದೌತಿ. ಹೊರಡುವ ಮುನ್ನ ತಾಯಂದಿರು ಮೊಸರು ಸಕ್ಕರೆ ಕೊಟ್ಟು, ಹಣೆಗೆ ವಿಭೂತಿ ಹಚ್ಚಿ, ಎತ್ತಿನ ಕಾಲಿಗೆ ನೀರು ಹಾಕುತ್ತಿದ್ದರು. ಕೇಂದ್ರದ ಊರಿನಲ್ಲಿ ಯಾವುದೋ ಗುಡಿಯಲ್ಲಿಯೋ ಪರಿಚಯದವರ ಪಡಸಾಲೆಯಲ್ಲಿಯೋ ಇಳಿದು, ರಾತ್ರಿ ಒಂದೇ ಕಂದೀಲಿನ ಸುತ್ತ ಎಲ್ಲರೂ ಓದಿ, ಒಂದೇ ಕಂಬಳಿಯ ಕೆಳಗೆ ಮಲಗಿ, ಬೆಳಿಗ್ಗೆ ಒಬ್ಬರಿಗೊಬ್ಬರು ಮಗ್ಗಿ ಕೇಳುತ್ತ ಪರೀಕ್ಷೆಗೆ ನಡೆಯುವದು. ಜಂಗಮರ ಮಗ, ಗಾಣಿಗರ ಮಗ, ಕುರುಬರ ಮಗ ಒಂದೇ ಬುತ್ತಿಗಂಟಿನಿಂದ ಉಂಡ ಮೊದಲ ಊಟ ಅನೇಕರಿಗೆ ಇದೇ ಆಗಿದ್ದಿತೆಂದು ಹಿರಿಯರು ಹೇಳುವದನ್ನು ನಾನು ಕೇಳಿದ್ದೇನೆ. ಕೇರಿಯ ಹುಡುಗನೊಬ್ಬನು ಅದೇ ಚಕ್ಕಡಿಯ ಹಿಂದೆ ನಡೆದುಕೊಂಡು ಬಂದು ಗುಡಿಯ ಹೊರಗಿನ ಕಟ್ಟೆಯ ಮೇಲೆ ಮಲಗಿದ್ದನ್ನೂ ಅವರೇ, ತುಸು ದನಿ ತಗ್ಗಿಸಿ, ಹೇಳಿದ್ದಾರೆ. ಇಂದು ನಾವು ‘ಬ್ಯಾಚು’ ಎಂದು ಕರೆಯುವ ನೆಂಟಸ್ತನವು ಮೊಳೆತದ್ದು ಆ ಎರಡು ಮೂರು ರಾತ್ರಿಗಳಲ್ಲಿ. ಬೀಳ್ಕೊಡುವ ಸಮಾರಂಭವಾಗಲಿ ಭಾಷಣವಾಗಲಿ ಆಗ ಇರಲಿಲ್ಲ. ಮರಳಿ ಬರುವ ಹಾದಿಯ ಚಕ್ಕಡಿಯೇ ಅವರ ಸಮ್ಮೇಳನ.

ಮುಲ್ಕಿಯಿಂದ ಮುಂದೆ ಇಂಗ್ಲಿಷ್ ಶಾಲೆಗೆ ಹೋಗಬೇಕೆಂದರೆ ಬೆಳಗಾವಿ, ಇಲ್ಲವೆ ಧಾರವಾಡ. ಅಲ್ಲಿ ಹಳ್ಳಿಯ ಹುಡುಗನಿಗೆ ಫೀ ಒಂದು ಕಷ್ಟ, ಅನ್ನ ಅದಕ್ಕಿಂತ ದೊಡ್ಡ ಕಷ್ಟ. ಬ್ರಾಹ್ಮಣರ ಹುಡುಗರು ವಾರಾನ್ನದಿಂದ ಕಲಿತರು. ಉಳಿದವರಿಗೆ ದಾರಿ ತೆರೆದವರನ್ನು ಈ ಸೀಮೆ ಮರೆಯಲಾಗದು: ಸವದತ್ತಿಯ ಕಡೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟರು; 1916ರ ನವೆಂಬರ 13ರಂದು ಏಳು ಜನ ತರುಣರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಮೊದಲ ಶಾಲೆಯನ್ನು ತೆರೆದು ಸಪ್ತರ್ಷಿಗಳೆನಿಸಿಕೊಂಡರು; ಧಾರವಾಡದ ಮುರುಘಾಮಠ, ಬೆಳಗಾವಿಯ ನಾಗನೂರು ರುದ್ರಾಕ್ಷಿಮಠಗಳು ಬಡ ಹುಡುಗರಿಗೆ ಪುಕ್ಕಟೆ ಪ್ರಸಾದ ನಿಲಯಗಳನ್ನು ನಡೆಯಿಸಿದವು. ಮಠದಿಂದ ಹೊರಬಿದ್ದು ಸಾಲಿಯಾದ ವಿದ್ಯೆಯು ಅನ್ನಕ್ಕಾಗಿ ತಿರುಗಿ ಮಠದ ಪಂಕ್ತಿಯಲ್ಲಿಯೇ ಕುಳಿತದ್ದು ನಮ್ಮ ಶಿಕ್ಷಣ ಚರಿತ್ರೆಯ ಒಂದು ವೈಚಿತ್ರ್ಯ.

ಈ ಪಟ್ಟಣದ ಶಾಲೆಗಳಿಂದಲೇ ‘ಗ್ಯಾದರಿಂಗ್’ ಎಂಬ ಪದವು ಹಳ್ಳಿಗೆ ಬಂದದ್ದು. ಮೈಸೂರಿನ ಕಡೆಯವರು ಶಾಲಾ ವಾರ್ಷಿಕೋತ್ಸವವೆನ್ನುವ ಈ ಗ್ಯಾದರಿಂಗನ್ನು ನಾವು ಮರಾಠೀ ನೆರೆಯವರ ಹಾಗೆ ಸ್ನೇಹ ಸಮ್ಮೇಳನವೆನ್ನುತ್ತೇವೆ; ಉತ್ಸವದಲ್ಲಿ ನೋಡುವವರಿರುತ್ತಾರೆ, ಸಮ್ಮೇಳನದಲ್ಲಿ ಕೂಡುವವರಿರುತ್ತಾರೆ, ಆದುದರಿಂದ ನನಗೆ ನಮ್ಮ ಮಾತೇ ಹಿತವಾಗಿ ತೋರುತ್ತದೆ.

1948ರ ಮಾರ್ಚ್ 8ರಂದು ಸಾಂಗಲಿ, ರಾಮದುರ್ಗ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ಅದರ ಹಿಂದಿನ ವರ್ಷವಷ್ಟೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಹೊಸ ಕಾಯಿದೆ ಆಗಿದ್ದಿತು. ದೊಡವಾಡದ ಮಕ್ಕಳೂ ಬೆಳವಡಿಯ ಮಕ್ಕಳೂ ಕಡೆಗೊಮ್ಮೆ ಒಂದೇ ಸರಕಾರದ ಹಾಜರಿಪುಸ್ತಕದಲ್ಲಿ ಸೇರಿದರು. ಮುಂಬಯಿ ವಿದ್ಯಾಪೀಠದ ಮ್ಯಾಟ್ರಿಕ್ ಹೋಗಿ ಪುಣೆಯ ಮಂಡಳಿಯ ಎಸ್.ಎಸ್.ಸಿ. ಬಂದಿತು, 1956ರ ನವೆಂಬರ 1ರಂದು ನಾಡು ಮೈಸೂರಿನೊಡನೆ ಕೂಡಿದ ಮೇಲೆ ಮುಂಬಯಿಯ ಹನ್ನೊಂದನೆಯ ಇಯತ್ತೆ ಕ್ರಮೇಣ ಮರೆಯಾಗಿ, ಹತ್ತನೆಯ ಇಯತ್ತೆಯ ಎಸ್.ಎಸ್.ಎಲ್.ಸಿ. ನಿಂತಿತು. ಇದಕ್ಕಿಂತ ದೊಡ್ಡ ಬದಲಾವಣೆಯೆಂದರೆ ದೊಡ್ಡ ಹಳ್ಳಿಗಳಿಗೆ ಪ್ರೌಢಶಾಲೆ ಬಂದದ್ದು. ಅಲ್ಲಿಯವರೆಗೆ ಏಳನೆಯದರಲ್ಲಿ ಮುಗಿಯುತ್ತಿದ್ದ ಸಹವಾಸ ಇನ್ನೂ ಮೂರು ವರ್ಷ, ಅದೂ ಹರೆಯದ ಹೊಸ್ತಿಲಿನ ಮೂರು ವರ್ಷ, ಬೆಳೆಯಿತು. ಮೀಸೆ ಮೂಡುವ ಕಾಲದ ಗೆಳೆತನಕ್ಕೂ ಹಾಲುಹಲ್ಲಿನ ಕಾಲದ ಗೆಳೆತನಕ್ಕೂ ಅಂತರವುಂಟು. ಇಂದಿನ ಸಮ್ಮೇಳನಗಳೆಲ್ಲ ಏಳನೆಯದರವರವಾಗಿರದೆ ಹತ್ತನೆಯದರವರವೇ ಆಗಿರುವದಕ್ಕೆ ಇದೇ ಕಾರಣವಾಗಿರಬೇಕು.

ಬೀಳ್ಕೊಡುಗೆಯ ವಿಧಿಗಳು ಗಟ್ಟಿಯಾದದ್ದು ಈ ಕಾಲದಲ್ಲಿ. ಜನರ ಬಾಯಲ್ಲಿ ಅದು ‘ಸೆಂಡಾಫ್’. ಸರಸ್ವತಿಯ ಪಟಕ್ಕೆ ಪೂಜೆ, ಒಂಬತ್ತನೆಯದರವರು ಹಣ ಕೂಡಿಸಿ ಮಾಡಿಸಿದ ಶಿರಾ ಉಪ್ಪಿಟ್ಟು, ಮುಖ್ಯಾಧ್ಯಾಪಕರ ಉಪದೇಶ, ಹುಡುಗರೊಳಗೊಬ್ಬನು ಬರೆದುಕೊಂಡು ಬಂದ ಭಾಷಣವನ್ನು ನಡುವೆ ಮರೆತು ಸುಮ್ಮನೆ ನಿಲ್ಲುವದು, ಹುಡುಗಿಯರ ಸಾಲಿನಲ್ಲಿ ಅಳು. ತರುವಾಯ ಆಟೋಗ್ರಾಫ್ ಪುಸ್ತಕಗಳು ಕೈ ಬದಲಾಗುತ್ತಿದ್ದವು. ತಿಳಿಗುಲಾಬಿ, ತಿಳಿಹಸಿರು ಹಾಳೆಗಳ ಮೇಲೆ ಎಲ್ಲರೂ ಎಲ್ಲರಿಗೂ ಬರೆದ ಶುಭಾಶಯ ಹೆಚ್ಚು ಕಡಿಮೆ ಒಂದೇ ಆಗಿದ್ದರೂ, ಬರೆದ ಕೈ ಯಾರದೆಂಬುದರ ಮೇಲೆ ಅದರ ಬೆಲೆ ನಿಲ್ಲುತ್ತಿದ್ದಿತು. ಕೊನೆಗೆ ಪಟ್ಟಣದಿಂದ ಕರೆಯಿಸಿದ ಫೋಟೋದವನು ಮೂರುಕಾಲಿನ ಸ್ಟ್ಯಾಂಡನ್ನು ಅಂಗಳದಲ್ಲಿ ಊರುತ್ತಿದ್ದನು: ನಡುವೆ ಕುರ್ಚಿಗಳ ಮೇಲೆ ಗುರುಗಳು, ಅವರ ಕಾಲ ಬಳಿ ಜಮಖಾನೆಯ ಮೇಲೆ ಹುಡುಗಿಯರು, ಹಿಂದೆ ನಿಂತ ಹುಡುಗರು, ಅವರ ಹಿಂದೆ ಬೆಂಚಿನ ಮೇಲೆ ಎತ್ತರದವರು, ತುದಿಗೆ ಗಂಟೆ ಬಾರಿಸುವ ಸಿಪಾಯಿ. ಈ ಗ್ರುಪ್ ಫೋಟೋ ಚೌಕಟ್ಟಿನಲ್ಲಿ ಸೇರಿ ಮನೆಯ ಪಡಸಾಲೆಯಲ್ಲಿ ದೇವರ ಪಟಗಳ ಕೆಳಗೆ ನೇತಾಡಿತು. ಸೀಮೆಯ ಸಾಮಾಜಿಕ ಚರಿತ್ರೆಯನ್ನು ಬರೆಯತಕ್ಕವರು ತಾಮ್ರಪಟಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಇವನ್ನೂ ಹುಡುಕಬೇಕು. ಒಂದೇ ಶಾಲೆಯ ಐವತ್ತು ವರ್ಷಗಳ ಫೋಟೋಗಳನ್ನು ಸಾಲಾಗಿ ಇಟ್ಟು ಜಮಖಾನೆಯ ಸಾಲನ್ನಷ್ಟೇ ಎಣಿಸುತ್ತ ಬಂದರೆ, ಮೊದಲು ಇಬ್ಬರು ಮೂವರು, ಆಮೇಲೆ ಏಳೆಂಟು, ಸರಕಾರವು 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡತೊಡಗಿದ ಮೇಲಂತೂ ಜಮಖಾನೆ ಸಾಲದಾಗಿ ಎರಡನೆಯದನ್ನು ಹಾಸಬೇಕಾದ ಸ್ಥಿತಿ, ಇವೆಲ್ಲ ಯಾವ ವರದಿಯ ನೆರವೂ ಇಲ್ಲದೆ ಕಂಡಾವು.

ಈಗಿನ ಗುರುವಂದನೆಗಳು ಆ ಫೋಟೋದ ಮರುಹುಟ್ಟು. ಮೊದಲು ಒಬ್ಬನು ವಾಟ್ಸಾಪಿನಲ್ಲಿ ಹಳೆಯ ಗ್ರುಪ್ ಫೋಟೋ ಹಾಕುತ್ತಾನೆ. ಹೆಸರು ಹುಡುಕುವ ಆಟ ಸುರುವಾಗುತ್ತದೆ. ಆರು ತಿಂಗಳೊಳಗೆ ಪೆಂಡಾಲು ಏಳುತ್ತದೆ. ನಿವೃತ್ತರಾದ ಗುರುಗಳನ್ನು ಸಿಂಗರಿಸಿದ ಚಕ್ಕಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಕೂಡ್ರಿಸಿ, ಹೂ ಎರಚಿ, ಆರತಿ ಬೆಳಗಿ ಕರೆತರುವರು. ಹಳೆಯ ಗಂಟೆ ಬಾರಿಸುವರು, ಪ್ರಾರ್ಥನೆಗೆ ಸಾಲಾಗಿ ನಿಲ್ಲುವರು, ತೀರಿಹೋದ ಗೆಳೆಯರಿಗಾಗಿ ಒಂದು ನಿಮಿಷ ಮೌನವಾಗುವರು. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ, ಮಾದಲಿಯ ಊಟ. ಶಾಲೆಗೆ ಒಂದು ಕಪಾಟನ್ನೋ ಕುಡಿಯುವ ನೀರಿನ ಯಂತ್ರವನ್ನೋ ಕೊಟ್ಟು ಹೋಗುವರು. ಶಾಲು ಹೊದಿಸುವ ಕಾರ್ಯವು ಕೆಲವೆಡೆ ಗುರುಗಳನ್ನು ಬಿಟ್ಟು ರಾಜಕಾರಣಿಗಳ ಕಡೆಗೆ ಹರಿಯುವದನ್ನು ಕಂಡಿದ್ದೇನೆ. ಅದು ಸಮ್ಮೇಳನದ ದೋಷವಲ್ಲ, ಶಾಲಿನ ದೋಷ. ಶಿಕ್ಷಕರ ಊರೆಂದೇ ಹೆಸರಾದ ಸವದತ್ತಿ ಸೀಮೆಯ ಇಂಚಲದಂಥ ಗ್ರಾಮವಿರುವ ಈ ಭಾಗದಲ್ಲಿ ಮಾಸ್ತರಿಕೆಗೆ ಇಂದಿಗೂ ಒಂದು ಮನ್ನಣೆ ಉಳಿದಿರುವದಕ್ಕೆ ಇಂಥ ದಿನಗಳು ಸಾಕ್ಷಿ.

ಕೆಲವು ವರ್ಷಗಳ ಹಿಂದೆ ಈ ಸೀಮೆಯ ಒಂದು ಊರಿನ ಸಮ್ಮೇಳನಕ್ಕೆ ನಾನೂ ಹೋಗಿದ್ದೆನು. ಹತ್ತನೆಯದರ ಹಾಜರಿಯನ್ನು ಕರೆದು ಎಲ್ಲರೂ ನಗೆಯಿಂದ ‘ಹಾಜರ್ ಸರ್’ ಎಂದಾದ ಮೇಲೆ, ಅವರಿಗೆ ಒಂದನೆಯ ಇಯತ್ತೆ ಕಲಿಸಿದ ಮುಪ್ಪಿನ ಮಾಸ್ತರರೊಬ್ಬರು ಎದ್ದು ನಿಂತು, ಕೈಯಲ್ಲಿ ಕಾಗದವಿಲ್ಲದೆ, ಕಣ್ಣು ಮುಚ್ಚಿಕೊಂಡು ತಮ್ಮ ಹಾಜರಿಯನ್ನು ಕರೆಯಹತ್ತಿದರು. ಮೊದಲ ಮೂರು ಹೆಸರುಗಳಿಗೆ ಉತ್ತರ ಬಂದಿತು. ನಾಲ್ಕನೆಯದಕ್ಕೆ ಬರಲಿಲ್ಲ. ಮಾಸ್ತರರು ಮತ್ತೊಮ್ಮೆ ಕೂಗಿದರು. ಹೆಣ್ಣುಮಕ್ಕಳ ಕಡೆಯಿಂದ ಒಂದು ದನಿ, “ಆಕಿ ನಾಕನೇತ್ತಕ್ಕ ಸಾಲಿ ಬಿಟ್ಟಾಳ್ರೀ ಸರ,” ಎಂದಿತು. ಮುಂದೆ ಇನ್ನೊಂದು ಹೆಸರು: ಅವನು ದನ ಕಾಯಲು ನಿಂತವನು. ಇನ್ನೊಂದು: ಮನೆಮಂದಿ ದುಡಿಯಲಿಕ್ಕೆ ಗೋವೆಗೆ ಹೋದಾಗ ಜೊತೆಗೆ ಹೋದವನು. ಸಂಘಟಕನೊಬ್ಬನು ಮೆಲ್ಲನೆ ಹತ್ತಿರ ಹೋಗಿ, “ಸರ, ಅವರು ನಮ್ಮ ಬ್ಯಾಚಿನಾಗ ಬರೂದಿಲ್ಲರಿ,” ಎಂದನು. ಮಾಸ್ತರರು ಕಣ್ಣು ತೆರೆದು, “ನನ್ನ ವರ್ಗದಾಗ ಇದ್ದರಪಾ,” ಎಂದು ಹೇಳಿ ಮುಂದಿನ ಹೆಸರನ್ನು ಕರೆದರು.

ಪರೀಕ್ಷೆಯು ಹುಟ್ಟಿಸಿದ ಕುಲಕ್ಕೆ ಪರೀಕ್ಷೆಯವರೆಗೆ ಬಂದವರೇ ಸದಸ್ಯರಾಗುವದು ಅದರ ಜಾಯಮಾನ. ಗ್ರುಪ್ ಫೋಟೋದಲ್ಲಿ ಅವರಿಲ್ಲ, ಆಟೋಗ್ರಾಫಿನಲ್ಲಿ ಅವರ ಕೈಬರಹವಿಲ್ಲ, ಕರೆಯೋಲೆ ಅವರ ಮನೆಗೆ ಹೋಗುವದಿಲ್ಲ; ಪೆಂಡಾಲು ಕಟ್ಟಿದವನು, ಅಡಿಗೆಗೆ ಕಟ್ಟಿಗೆ ತಂದವನು ಅವರೊಳಗಿನವನೇ ಆಗಿದ್ದರೂ ಆಶ್ಚರ್ಯವಿಲ್ಲ. ಆದರೆ ಅವರ ಹೆಸರುಗಳು ಎಲ್ಲಿಯೂ ಇಲ್ಲವೆಂದಲ್ಲ. ಪ್ರತಿಯೊಂದು ಪ್ರಾಥಮಿಕ ಶಾಲೆಯ ಕಪಾಟಿನಲ್ಲಿ ದಾಖಲಾತಿಯ ದೊಡ್ಡ ರಜಿಸ್ಟರ್ ಇರುವದು. ಸೇರಿದ ದಿನ, ತಂದೆಯ ಹೆಸರು, ಹುಟ್ಟಿದ ತಾರೀಖು, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ ಇವೆಲ್ಲ ಅದರೊಳಗೆ ಸಾಲಾಗಿ ಬರೆದಿರುವವು. ದೊಡವಾಡದ ಹಾಗೂ ಅದರ ಸುತ್ತಿನ ಊರುಗಳ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಬೇಸಿಗೆಯಲ್ಲಿ ನೀವು ಕೂಡುವ ಮುನ್ನ, ಮುಖ್ಯಾಧ್ಯಾಪಕರನ್ನು ಕೇಳಿ ಆ ರಜಿಸ್ಟರನ್ನು ತೆರೆಯಿಸಿರಿ, ನಿಮ್ಮ ಒಂದನೆಯ ಇಯತ್ತೆಯ ಪುಟವನ್ನು ಹುಡುಕಿರಿ, ಅದರೊಳಗಿನ ಎಲ್ಲ ಹೆಸರುಗಳಿಗೂ ಕರೆಯೋಲೆ ಬರೆಯಿರಿ.